ಬಾಟಲಿಯೊಳಗಿನ ಹೊಗೆ: ಅಮೆರಿಕದ ಬಾರ್ಬೆಕ್ಯೂ ಸಾಸಿನ ಲೋಕಸಂಚಾರ

ಅಡುಗೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪದಾರ್ಥಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಯಿಂದ ಆರಂಭಿಸುತ್ತಾರೆ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಒಂದು ಅಡುಗೆ ತನ್ನ ಊರನ್ನು ಬಿಟ್ಟು ಹೊರಟಾಗ ಅದರ ಯಾವ ಭಾಗ ಹಡಗನ್ನೇರುತ್ತದೆ, ಯಾವ ಭಾಗ ದಡದಲ್ಲೇ ಉಳಿಯುತ್ತದೆ? ಮುಂಬಯಿ, ದೆಹಲಿ, ಹೈದರಾಬಾದುಗಳ ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಇಂದು ಕಂದುಗೆಂಪು ಬಣ್ಣದ ಬಾರ್ಬೆಕ್ಯೂ ಸಾಸಿನ ಬಾಟಲಿಗಳು ನಿಂತಿವೆ. ಇವನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಬಾರ್ಬೆಕ್ಯೂ ಗುಂಡಿಯನ್ನು ಕಂಡವರಲ್ಲ. ಗುಂಡಿಯನ್ನು ಬಿಟ್ಟು ಬಾಟಲಿ ಮಾತ್ರ ಲೋಕಸಂಚಾರಕ್ಕೆ ಹೊರಟದ್ದು ಹೇಗೆ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

‘ಬಾರ್ಬೆಕ್ಯೂ’ ಎಂಬ ಪದದ ಮೂಲ ಕೆರಿಬಿಯನ್ ದ್ವೀಪಗಳ ಟೈನೊ ಜನರ ಭಾಷೆಯಲ್ಲಿದೆ. ಸ್ಪೇನಿನವರು ಅದನ್ನು ‘ಬಾರ್ಬಕೋವ’ ಎಂದು ಕೇಳಿಸಿಕೊಂಡರು. 1526ರಲ್ಲಿ ಚರಿತ್ರಕಾರ ಒವಿಯೆಡೊ ಅದನ್ನು ಬರಹಕ್ಕಿಳಿಸಿದನು. ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳಲ್ಲಿ ಅದು ಊರಿನವರೆಲ್ಲ ಕೂಡುವ ಔತಣವಾಯಿತು. ತಾನು ಅಲೆಕ್ಸಾಂಡ್ರಿಯಾದ ಬಾರ್ಬೆಕ್ಯೂ ಒಂದಕ್ಕೆ ಹೋಗಿದ್ದುದನ್ನು ಜಾರ್ಜ್ ವಾಷಿಂಗ್ಟನ್ 1769ರ ದಿನಚರಿಯಲ್ಲಿ ಬರೆದುಕೊಂಡಿದ್ದಾನೆ. ನೆಲದಲ್ಲಿ ಉದ್ದನೆಯ ಗುಂಡಿ ತೋಡಿ, ಗಟ್ಟಿಮರವನ್ನು ಉರಿಸಿ ಕೆಂಡ ಮಾಡಿ, ಅದರ ಮೇಲೆ ಇಡೀ ಹಂದಿಯನ್ನೋ ಎತ್ತನ್ನೋ ರಾತ್ರಿಯಿಡೀ ಬೇಯಿಸುವ ಕ್ರಮವದು. ದಕ್ಷಿಣದ ರಾಜ್ಯಗಳಲ್ಲಿ ಆ ಗುಂಡಿಯ ಪಕ್ಕದಲ್ಲಿ ನಿದ್ದೆಗೆಟ್ಟು ನಿಂತವರು ಬಹುಮಟ್ಟಿಗೆ ಆಫ್ರಿಕನ್ ಮೂಲದ ಗುಲಾಮರು. ಮರ ಕಡಿಯುವುದು, ಕೆಂಡ ಹರಡುವುದು, ಮಾಂಸವನ್ನು ಮಗುಚುವುದು, ವಿನೆಗರ್ ಮತ್ತು ಮೆಣಸಿನ ನೀರನ್ನು ಮತ್ತೆ ಮತ್ತೆ ಸವರುವುದು ಅವರ ಕೆಲಸ. ಔತಣದ ಕೀರ್ತಿ ಮಾತ್ರ ಜಮೀನುದಾರನದು.

ಆ ಸವರುವ ನೀರೇ ಇಂದಿನ ಸಾಸಿನ ಪೂರ್ವಜ. ಅದಕ್ಕೆ ಒಂದೇ ರೂಪ ಇರಲಿಲ್ಲ, ಈಗಲೂ ಇಲ್ಲ. ಉತ್ತರ ಕೆರೊಲಿನಾದ ಪೂರ್ವಭಾಗದಲ್ಲಿ ಅದು ವಿನೆಗರ್, ಉಪ್ಪು, ಮೆಣಸಿನಕಾಯಿಗಳ ತೆಳ್ಳನೆಯ ದ್ರವ. ದಕ್ಷಿಣ ಕೆರೊಲಿನಾದ ಮಧ್ಯಭಾಗದಲ್ಲಿ ಸಾಸಿವೆಯಿಂದಾಗಿ ಹಳದಿ. ಅಲಬಾಮದ ಉತ್ತರದಲ್ಲಿ ಮೇಯನೇಸ್ ಬೆರೆತ ಬಿಳಿ ಸಾಸು. ಕಾನ್ಸಸ್ ಸಿಟಿಯಲ್ಲಿ ಟೊಮೇಟೊ ಮತ್ತು ಕಾಕಂಬಿ ಸೇರಿದ ಮಂದವಾದ, ಸಿಹಿಯಾದ ಪಾಕ. ನಮ್ಮಲ್ಲಿ ಉಡುಪಿಯ ಸಾರಿಗೂ ಮೈಸೂರಿನ ಸಾರಿಗೂ ಧಾರವಾಡದ ಸಾರಿಗೂ ಇರುವ ಅಂತರವನ್ನು ಬಲ್ಲವರಿಗೆ ಇದು ಅಚ್ಚರಿಯ ಸಂಗತಿಯಲ್ಲ. ಆದರೆ ಹೊರದೇಶಗಳಿಗೆ ಹೋದದ್ದು ಮುಖ್ಯವಾಗಿ ಈ ಕೊನೆಯ ಬಗೆ. ಉಳಿದವು ಊರಿನ ರುಚಿಗಳಾಗಿ ಉಳಿದವು. ಇದೊಂದು ‘ಅಮೆರಿಕದ ರುಚಿ’ ಆಯಿತು.

ಈ ‘ಅಮೆರಿಕದ ರುಚಿ’ಯ ಘಟಕಗಳನ್ನು ಬಿಡಿಸಿ ನೋಡಿದರೆ ಅರ್ಧದಷ್ಟು ಹೊರಗಿನವು. ಕೆಚಪ್ಪಿನ ಹೆಸರು ಚೀನಾದ ಫ್ಯೂಜಿಯನ್ ಕರಾವಳಿಯ ಮೀನಿನ ರಸದ ಹೆಸರಿನಿಂದ ಬಂದದ್ದು. ಅದಕ್ಕೆ ಟೊಮೇಟೊ ಸೇರಿಸುವ ಕ್ರಮವನ್ನು ಫಿಲಡೆಲ್ಫಿಯಾದ ಜೇಮ್ಸ್ ಮೀಸ್ 1812ರಲ್ಲಿ ಪ್ರಕಟಿಸಿದನು. ಬಾರ್ಬೆಕ್ಯೂ ಸಾಸಿಗೆ ಅನೇಕರು ಹಾಕುವ ವೂಸ್ಟರ್ ಸಾಸಿನಲ್ಲಿ ಹುಣಸೆಹಣ್ಣಿದೆ. ಇಂಗ್ಲೆಂಡಿನಲ್ಲಿ 1837ರಲ್ಲಿ ಮಾರಾಟಕ್ಕೆ ಬಂದ ಅದು ಎರಡೇ ವರ್ಷಗಳಲ್ಲಿ ನ್ಯೂಯಾರ್ಕಿನ ಆಮದುದಾರನೊಬ್ಬನ ಕೈ ಸೇರಿತು. ಕರಿಮೆಣಸಿನ ಕಥೆಯಂತೂ ಇನ್ನೂ ದೊಡ್ಡದು. ಮ್ಯಾಸಚೂಸೆಟ್ಸಿನ ಸೇಲಂ ಬಂದರಿನ ಜೊನಾಥನ್ ಕಾರ್ನ್ಸ್ ‘ರಾಜಾ’ ಎಂಬ ಹೆಸರಿನ ಹಡಗಿನಲ್ಲಿ ಸುಮಾತ್ರಕ್ಕೆ ಹೋಗಿ 1797ರಲ್ಲಿ ಮೆಣಸನ್ನು ತುಂಬಿ ತಂದಾಗ ಸುಮಾರು ಏಳು ನೂರು ಪ್ರತಿಶತ ಲಾಭ ದೊರೆಯಿತೆಂದು ಹೇಳುತ್ತಾರೆ. ಮುಂದಿನ ಕೆಲವು ದಶಕ ಸೇಲಂನ ವರ್ತಕರು ಸುಮಾತ್ರದ ಮೆಣಸನ್ನು ತಂದು ಯುರೋಪಿಗೆ ಮರುರಫ್ತು ಮಾಡಿದರು. 1831ರಲ್ಲಿ ಕ್ವಾಲಾ ಬಾಟುವಿನಲ್ಲಿ ಅವರ ಹಡಗೊಂದರ ಮೇಲೆ ದಾಳಿಯಾದಾಗ, ಮರುವರ್ಷ ಅಮೆರಿಕದ ಯುದ್ಧನೌಕೆ ‘ಪೊಟೊಮ್ಯಾಕ್’ ಬಂದು ಆ ಊರನ್ನು ಸುಟ್ಟಿತು. ಅಮೆರಿಕ ಮಸಾಲೆಯ ವ್ಯಾಪಾರಕ್ಕೆ ಇಳಿದದ್ದು ಹೀಗೆ: ಮೊದಲು ಬೇರೆಯವರ ಬೆಳೆಯನ್ನು ಸಾಗಿಸುವ ದಳ್ಳಾಳಿಯಾಗಿ, ಅಗತ್ಯ ಬಿದ್ದಾಗ ತೋಪು ಹಿಡಿದವನಾಗಿ.

ತನ್ನದೇ ತಯಾರಿಕೆಯನ್ನು ಹೊರಗೆ ಕಳುಹಿಸುವ ಹಂತ ಅಂತರ್ಯುದ್ಧದ ಬಳಿಕ ಬಂದಿತು. ಲೂಯಿಸಿಯಾನದ ಏವರಿ ದ್ವೀಪದಲ್ಲಿ ಎಡ್ಮಂಡ್ ಮ್ಯಾಕಿಲೆನಿ 1868ರಲ್ಲಿ ಮೆಣಸಿನಕಾಯಿಯ ಮೊದಲ ವಾಣಿಜ್ಯ ಬೆಳೆ ತೆಗೆದು, 1870ರಲ್ಲಿ ತನ್ನ ಟಬಾಸ್ಕೊ ಸಾಸಿಗೆ ಪೇಟೆಂಟ್ ಪಡೆದನು; ಆ ದಶಕ ಮುಗಿಯುವಷ್ಟರಲ್ಲಿ ಅದು ಇಂಗ್ಲೆಂಡನ್ನು ಮುಟ್ಟಿತ್ತು. ಪಿಟ್ಸ್‌ಬರ್ಗಿನ ಹೆನ್ರಿ ಹೈಂಜ್ 1886ರಲ್ಲಿ ಲಂಡನ್ನಿಗೆ ಹೋಗಿ, ಫೋರ್ಟ್ನಮ್ ಅಂಡ್ ಮೇಸನ್ ಎಂಬ ಪ್ರತಿಷ್ಠಿತ ಮಳಿಗೆಗೆ ತನ್ನ ಸರಕನ್ನು ಒಪ್ಪಿಸಿ ಬಂದನು. ಸಾಸುಗಳೇ ಮೊದಲು ಹೊರಟದ್ದಕ್ಕೆ ಸರಳ ಕಾರಣವಿದೆ. ಹುಳಿ, ಉಪ್ಪು, ಸಕ್ಕರೆ ಮೂರೂ ಕೆಡದಂತೆ ಕಾಯುವ ವಸ್ತುಗಳು. ಶೈತ್ಯಾಗಾರವಿಲ್ಲದ ಹಡಗಿನ ತಳದಲ್ಲಿ ತಿಂಗಳುಗಟ್ಟಲೆ ಇದ್ದರೂ ಬಾಟಲಿ ಹಾಳಾಗದು. ಮೇಲಾಗಿ ಅದು ಊಟವಲ್ಲ, ಊಟದ ಪಕ್ಕದ ವಸ್ತು. ಕೊಳ್ಳುವವನು ತನ್ನ ಅಡುಗೆಯನ್ನು ಬಿಡಬೇಕಾಗಿಲ್ಲ. ಒಂದು ಚಮಚ ಸೇರಿಸಿಕೊಂಡರೆ ಸಾಕು.

ಬಾರ್ಬೆಕ್ಯೂ ಸಾಸು ಈ ದಾರಿಗೆ ತಡವಾಗಿ ಬಂದಿತು. ಅಟ್ಲಾಂಟಾದ ಪತ್ರಿಕೆಯೊಂದರಲ್ಲಿ 1909ರಲ್ಲೇ ಬಾಟಲಿ ಸಾಸಿನ ಜಾಹೀರಾತು ಕಾಣಿಸಿದರೂ, ಹೈಂಜ್ ಅದನ್ನು ದೇಶದಾದ್ಯಂತ ಮಾರಲು ಹೊರಟದ್ದು 1940ರಲ್ಲಿ. ಕ್ರಾಫ್ಟ್ ಅದರ ಹಿಂದೆ ಬಂದಿತು. ಯುದ್ಧಾನಂತರ ಪಟ್ಟಣಗಳ ಹೊರವಲಯದಲ್ಲಿ ಹಿತ್ತಲುಳ್ಳ ಮನೆಗಳು ಎದ್ದವು. 1952ರಲ್ಲಿ ಜಾರ್ಜ್ ಸ್ಟೀಫನ್ ವೆಬರ್ ಕೆಟಲ್ ಎಂಬ ಮುಚ್ಚಳದ ಒಲೆಯನ್ನು ರೂಪಿಸಿದನು. ಹಿತ್ತಲಿನಲ್ಲಿ ಒಂದು ಗಂಟೆಯಲ್ಲಿ ಸುಟ್ಟ ಮಾಂಸಕ್ಕೆ ರಾತ್ರಿಯಿಡೀ ಹೊಗೆಯಲ್ಲಿ ಬೆಂದ ಗುಣ ಬರುವುದಿಲ್ಲ. ಆ ಕೊರತೆಯನ್ನು ಸಾಸು ತುಂಬಬೇಕಾಯಿತು. ಅದಕ್ಕೆ ಬೇಕಾದ ಉಪಾಯ ಮೊದಲೇ ಸಿದ್ಧವಾಗಿತ್ತು: ಕಾನ್ಸಸ್ ಸಿಟಿಯ ಔಷಧ ವ್ಯಾಪಾರಿ ಅರ್ನೆಸ್ಟ್ ರೈಟ್, ಉರಿಯುವ ಮರದ ಹೊಗೆಯನ್ನು ತಣಿಸಿ ದ್ರವವನ್ನಾಗಿ ಮಾಡಿ 1895ರಲ್ಲಿ ಮಾರಾಟಕ್ಕಿಟ್ಟಿದ್ದನು. ಗುಂಡಿಯಿಲ್ಲದೆ ಹೊಗೆ ದೊರೆಯುವಂತಾದ ಮೇಲೆ ಸಾಸು ಎಲ್ಲಿಗೆ ಬೇಕಾದರೂ ಹೋಗಬಹುದಾಯಿತು.

ಇಷ್ಟರಲ್ಲಿ ಗುಂಡಿಯ ಪಕ್ಕ ನಿಂತವರ ಗತಿ ಏನಾಯಿತು? ಟೆನೆಸಿಯ ಮೆಂಫಿಸ್ ಸಮೀಪ ಹುಟ್ಟಿದ ಹೆನ್ರಿ ಪೆರಿ ನದಿಯ ಉಗಿಹಡಗುಗಳಲ್ಲಿ ಅಡುಗೆ ಮಾಡಿಕೊಂಡಿದ್ದ ಕಪ್ಪು ಜನಾಂಗದವನು. 1908ರ ಸುಮಾರಿಗೆ ಕಾನ್ಸಸ್ ಸಿಟಿಯಲ್ಲಿ, ಹೊಗೆಯಲ್ಲಿ ಬೆಂದ ಮಾಂಸವನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಮಾರತೊಡಗಿದನು. ಅವನ ಸಾಸು ಖಾರವಾಗಿತ್ತು, ಸಿಹಿಯಾಗಿರಲಿಲ್ಲ. 1940ರಲ್ಲಿ ಅವನು ತೀರಿಕೊಂಡ ಬಳಿಕ ಅವನ ಅಂಗಡಿ ಬ್ರಯಂಟ್ ಸಹೋದರರ ಕೈಗೆ ಬಂದು ಪ್ರಸಿದ್ಧವಾಯಿತು. ಆದರೆ ‘ಕಾನ್ಸಸ್ ಸಿಟಿ ಶೈಲಿ’ ಎಂಬ ಹೆಸರನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿದ್ದು ಮಕ್ಕಳ ಮನೋವೈದ್ಯ ರಿಚ್ ಡೇವಿಸ್ 1970ರ ದಶಕದ ಕೊನೆಯಲ್ಲಿ ತಯಾರಿಸಿದ ಸಿಹಿಸಾಸು. ‘ಕೆಸಿ ಮಾಸ್ಟರ್‌ಪೀಸ್’ ಎಂಬ ಆ ಮುದ್ರೆಯನ್ನು 1986ರಲ್ಲಿ ಕ್ಲೋರಾಕ್ಸ್ ಕಂಪನಿ ಕೊಂಡಿತು. ಡೇವಿಸ್ ಅನ್ಯಾಯ ಮಾಡಿದನೆಂದು ನಾವು ಹೇಳುತ್ತಿಲ್ಲ. ಅವನ ಪಾಕ ಅವನದೇ. ಶೈಲಿಗೆ ಊರಿನ ಹೆಸರು ಉಳಿಯಿತು, ಊರಿಗೆ ಆ ಶೈಲಿಯನ್ನು ತಂದವನ ಹೆಸರು ಉಳಿಯಲಿಲ್ಲ ಎಂಬುದಷ್ಟೇ ನಮ್ಮ ಮಾತು.

ಇದಕ್ಕಿಂತ ಕಟುವಾದ ಉದಾಹರಣೆ ದಕ್ಷಿಣ ಕೆರೊಲಿನಾದ್ದು. ಪಿಗ್ಗಿ ಪಾರ್ಕ್ ಎಂಬ ಬಾರ್ಬೆಕ್ಯೂ ಹೋಟೆಲುಗಳ ಮಾಲೀಕ ಮಾರಿಸ್ ಬೆಸಿಂಜರ್ ಕಪ್ಪು ಗಿರಾಕಿಗಳಿಗೆ ಸರಿಸಮಾನವಾಗಿ ಬಡಿಸಲು ಒಪ್ಪಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಅಡಿಯಲ್ಲಿ ಹೂಡಿದ ಆ ಮೊಕದ್ದಮೆ 1968ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಆತ ಸೋತನು. ಆದರೂ ಅವನ ಹಳದಿ ಸಾಸು ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇತ್ತು. ಗುಲಾಮಗಿರಿಯನ್ನು ಸಮರ್ಥಿಸುವ ಬರಹಗಳನ್ನು ಆತ ತನ್ನ ಹೋಟೆಲಿನಲ್ಲಿ ಮಾರುತ್ತಿರುವುದು 2000ದಲ್ಲಿ ಸುದ್ದಿಯಾದ ಮೇಲಷ್ಟೇ ದೊಡ್ಡ ಮಳಿಗೆಗಳು ಅದನ್ನು ಕಪಾಟಿನಿಂದ ಇಳಿಸಿದವು. ಗುಲಾಮರ ಕೈಯಲ್ಲಿ ಬೆಳೆದ ಅಡುಗೆಯನ್ನು ಅವರ ಮೊಮ್ಮಕ್ಕಳಿಗೆ ನಿರಾಕರಿಸಿದ ಚರಿತ್ರೆಯೂ ಈ ಬಾಟಲಿಗಳ ಹಿಂದಿದೆ.

ಹೆಸರು ಉಳಿದ ಉದಾಹರಣೆಯೂ ಒಂದಿದೆ. ಕೊರಿಯಾ ಯುದ್ಧದಲ್ಲಿ ಸೈನಿಕರಿಗೆ ಅಡುಗೆ ಮಾಡಿದ್ದ ಸಿ. ಬಿ. ಸ್ಟಬಲ್‌ಫೀಲ್ಡ್ 1968ರಲ್ಲಿ ಟೆಕ್ಸಸ್‌ನ ಲಬಕ್‌ನಲ್ಲಿ ಬಾರ್ಬೆಕ್ಯೂ ಹೋಟೆಲು ತೆರೆದನು. ಅವನ ‘ಸ್ಟಬ್ಸ್’ ಸಾಸಿನ ಬಾಟಲಿಯ ಮೇಲೆ ಅವನ ಮುಖವೇ ಇದೆ. ಅವನು 1995ರಲ್ಲಿ ತೀರಿಕೊಂಡನು. 2015ರಲ್ಲಿ ಮ್ಯಾಕಾರ್ಮಿಕ್ ಕಂಪನಿ ಆ ಮುದ್ರೆಯನ್ನು ಸುಮಾರು 10 ಕೋಟಿ ಡಾಲರಿಗೆ ಕೊಂಡಿತು. ಮುಖ ಉಳಿಯಿತು, ಒಡೆತನ ಬದಲಾಯಿತು.

ಸಾಸನ್ನು ಹೊರದೇಶಗಳಿಗೆ ಪರಿಚಯಿಸಿದ್ದರಲ್ಲಿ ಫಾಸ್ಟ್‌ಫುಡ್ ಹೋಟೆಲುಗಳ ಪಾತ್ರ ದೊಡ್ಡದು. ಮೆಕ್‌ಡೊನಾಲ್ಡ್ಸ್ 1983ರಲ್ಲಿ ಅಮೆರಿಕದಾದ್ಯಂತ ಕೋಳಿಯ ನಗೆಟ್‌ಗಳನ್ನು ತಂದಾಗ ಜೊತೆಗೆ ಕೊಟ್ಟ ಪುಟ್ಟ ಡಬ್ಬಿಗಳಲ್ಲಿ ಬಾರ್ಬೆಕ್ಯೂ ಸಾಸೂ ಒಂದು. ಆ ಡಬ್ಬಿ ನಗೆಟ್‌ಗಳೊಂದಿಗೆ ದೇಶದೇಶಗಳಿಗೆ ಹೋಯಿತು. ಆಲೂಗಡ್ಡೆ ಚಿಪ್ಸಿನ ಪೊಟ್ಟಣದ ಮೇಲೆ ‘ಬಾರ್ಬೆಕ್ಯೂ’ ಎಂಬ ಮಾತು ಒಂದು ಅಡುಗೆಯ ಕ್ರಮವನ್ನು ಸೂಚಿಸುವುದನ್ನು ಬಿಟ್ಟು ಒಂದು ಪುಡಿಯ ಹೆಸರಾಯಿತು.

ಗಡಿ ದಾಟುವಾಗ ಬಾಟಲಿಗೆ ಎದುರಾಗುವ ಪ್ರಶ್ನೆಗಳು ಬೇರೆ. 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಸುಂಕ ಪಟ್ಟಿಯಲ್ಲಿ ಬಾರ್ಬೆಕ್ಯೂ ಸಾಸು 2103.90 ಎಂಬ ಸಂಖ್ಯೆಯಡಿ, ‘ಇತರೆ’ ಎಂಬ ಗುಂಪಿನಲ್ಲಿ ಬರುತ್ತದೆ. ಕೆಚಪ್ಪಿಗೂ ಸಾಸಿವೆಗೂ ಅಲ್ಲಿ ಸ್ವಂತ ಸಂಖ್ಯೆಗಳಿವೆ, ಇದಕ್ಕಿಲ್ಲ. ಯುರೋಪಿನಲ್ಲಿ ಕುಲಾಂತರಿ ಮೆಕ್ಕೆಜೋಳದ ಸಕ್ಕರೆಪಾಕ ಸೇರಿದ್ದರೆ ಚೀಟಿಯ ಮೇಲೆ ಹೇಳಲೇಬೇಕು. ಬೂರ್ಬನ್ ಮದ್ಯ ಬೆರೆತ ಸಾಸು ಮುಸ್ಲಿಂ ರಾಷ್ಟ್ರಗಳಲ್ಲಿ ಹಲಾಲ್ ಪರೀಕ್ಷೆಯಲ್ಲಿ ನಿಲ್ಲದು. ಭಾರತಕ್ಕೆ ಬಂದರೆ ಸಸ್ಯಾಹಾರದ ಹಸಿರು ಗುರುತು ಬೇಕು. ವೂಸ್ಟರ್ ಸಾಸಿನ ಮೂಲಕ ಮೀನು ಸೇರಿದ್ದರೆ ಆ ಗುರುತು ಸಿಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಹೊಗೆಗೇ ಬಿದ್ದಿದೆ. ಜೀವಕೋಶದ ವಂಶವಾಹಿಗೆ ಹಾನಿಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಹೇಳಿದ ಬಳಿಕ, ಐರೋಪ್ಯ ಒಕ್ಕೂಟ ಎಂಟು ಹೊಗೆ-ಸ್ವಾದಗಳ ಅನುಮತಿಯನ್ನು 2024ರಲ್ಲಿ ನವೀಕರಿಸದೆ ಬಿಟ್ಟಿತು. ಸಾಸು, ಸೂಪು, ಚಿಪ್ಸುಗಳಿಗೆ ಎರಡು ವರ್ಷದ ಗಡುವು. ಹ್ಯಾಮ್, ಮೀನು, ಚೀಸುಗಳಿಗೆ ಐದು ವರ್ಷದ್ದು. ಗುಂಡಿಯಿಂದ ಬಿಡಿಸಿಕೊಂಡು ಹೊರಟ ಹೊಗೆಯನ್ನು ಕೊನೆಗೆ ಗಡಿಯಲ್ಲಿ ತಡೆದಂತಾಯಿತು.

ಈ ಸಂಚಾರದ ಇನ್ನೊಂದು ತುದಿ ನಮ್ಮ ಕಡೆಗಿದೆ. ಬಾಲ್ಟಿಮೋರಿನಲ್ಲಿ 1889ರಲ್ಲಿ ಆರಂಭವಾದ ಮ್ಯಾಕಾರ್ಮಿಕ್, ಭಾರತದ ಮಸಾಲೆಗಾಗಿ 1994ರಲ್ಲಿ ಕೊಚ್ಚಿಯಲ್ಲಿ ಜಂಟಿ ಉದ್ಯಮವನ್ನು ಸ್ಥಾಪಿಸಿತು. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅದರಿಂದ ತೆಗೆದ ಕೆಂಪು ಸತ್ವ ಆಹಾರದ ಬಣ್ಣವಾಗಿ ಹೊರದೇಶಗಳಿಗೆ ಹೋಗುತ್ತದೆ. ಅಮೆರಿಕ ಖಂಡದಲ್ಲಿ ಹುಟ್ಟಿ ಪೋರ್ಚುಗೀಸರೊಂದಿಗೆ ನಮ್ಮಲ್ಲಿಗೆ ಬಂದ ಬೆಳೆ ಬಣ್ಣದ ಸತ್ವವಾಗಿ ಮತ್ತೆ ಕಡಲು ದಾಟುತ್ತದೆ. ಅಲ್ಲಿ ಅದು ಚೀಟಿಯ ಮೇಲೆ ಒಂದು ಸಂಖ್ಯೆ ಅಥವಾ ‘ಬಣ್ಣ’ ಎಂಬ ಒಂದೇ ಮಾತು. ಬ್ಯಾಡಗಿಯ ಹೆಸರು ಅಲ್ಲಿ ಇರುವುದಿಲ್ಲ.

ಆದುದರಿಂದ ಇದನ್ನು ಅಮೆರಿಕದವರ ಕಥೆಯೆಂದು ದೂರ ನಿಂತು ನೋಡುವ ಹಕ್ಕು ನಮಗಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮಾವಳ್ಳಿ ಟಿಫಿನ್ ರೂಮಿನ ರುಚಿ ಪೊಟ್ಟಣದ ಪುಡಿಯಾಗಿ ಊರು ಬಿಟ್ಟ ಕನ್ನಡಿಗರ ಮನೆಗಳನ್ನು ಸೇರಿತು. ಆ ಪೊಟ್ಟಣಗಳ ಎಂಟಿಆರ್ ಫುಡ್ಸ್ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಪುಡಿ ಇಲ್ಲದಿದ್ದರೆ ಪರವೂರಿನ ಅನೇಕ ಮನೆಗಳಲ್ಲಿ ಸಾರೇ ಇರುತ್ತಿರಲಿಲ್ಲ ಎಂಬುದನ್ನು ನಾವು ಬಲ್ಲೆವು. ಬಾಟಲಿಯನ್ನೋ ಪೊಟ್ಟಣವನ್ನೋ ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ರುಚಿಯನ್ನು ಉಳಿಸುವ ವ್ಯಾಪಾರ ರುಚಿಯನ್ನು ಕಟ್ಟಿದವರ ನೆನಪನ್ನೂ ಉಳಿಸೀತೆಂದು ನಂಬುವಂತಿಲ್ಲ. ಆ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕಾಗುತ್ತದೆ. ಹೆನ್ರಿ ಪೆರಿಯ ಹೆಸರು ಇಂದು ತಿಳಿದಿರುವುದು ಕಾನ್ಸಸ್ ಸಿಟಿಯ ಪತ್ರಿಕೆಗಳಿಂದ, ಊರವರ ನೆನಪಿನಿಂದ, ಅವನ್ನು ಹುಡುಕಿದ ಚರಿತ್ರಕಾರರಿಂದ. ಮಾಟುಂಗದಲ್ಲಿ 1942ರಲ್ಲಿ ಆರಂಭವಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ರಾಮ ನಾಯಕರ ಹೆಸರು ಮುಂಬಯಿ ಕನ್ನಡಿಗರಿಗೆ ಗೊತ್ತಿದೆ. ಇಂಥ ಅಡುಗೆಮನೆಗಳಲ್ಲಿ ಒಲೆಯ ಮುಂದೆ ಆಯುಷ್ಯ ಕಳೆದ ಭಟ್ಟರು, ಮಸಾಲೆ ರುಬ್ಬಿದ ಹುಡುಗರು ಯಾರೆಂದು ಬರೆದಿಟ್ಟವರು ವಿರಳ. ಅವರಲ್ಲಿ ಕೆಲವರಾದರೂ ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕಂಡು, ಕೇಳಿ, ಬರೆದುಕೊಳ್ಳುವುದು ನಮ್ಮಂಥ ಬಳಗಗಳ ಪಾಲಿಗೆ ಬಂದಿರುವ ಕೆಲಸವೆಂದು ನಾವು ಭಾವಿಸುತ್ತೇವೆ.