ತಲೆನೋವಿನ ಗುಳಿಗೆ ಎದೆಗೆ ಬಂದದ್ದು

ನಮ್ಮ ಕಡೆ ಮನೆಗಳಲ್ಲಿ ಔಷಧದ ಪೆಟ್ಟಿಗೆ ಎಂದರೆ ಹಳೆಯ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಅಮೃತಾಂಜನ, ಒಂದಿಷ್ಟು ಓಂಕಾಳು, ಹಾಳೆಯಲ್ಲಿ ಎರಡೇ ಉಳಿದ ಆಸ್ಪ್ರೊ ಇಲ್ಲವೆ ಡಿಸ್ಪ್ರಿನ್. ಗುಳೇದಗುಡ್ಡದ ನೇಕಾರರ ಓಣಿಗಳಲ್ಲಿ ಮಗ್ಗದ ಸದ್ದು ಬೆಳಗಿನಿಂದ ರಾತ್ರಿಯ ತನಕ. ತಲೆ ಸಿಡಿದರೆ ಒಂದು ಗುಳಿಗೆಯನ್ನು ನೀರಲ್ಲಿ ಕರಗಿಸಿ ಕುಡಿದು ಮತ್ತೆ ಕಂಡಿಕೆ ಸುತ್ತಲು ಕೂಡುವ ಹೆಂಗಸರನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ಆ ಗುಳಿಗೆಯೊಳಗಿನ ಆಸ್ಪಿರಿನ್ನೇ ಇಂದು ಹೃದಯಾಘಾತಕ್ಕೆ ಕೊಡುವ ಮೊದಲ ಮದ್ದುಗಳಲ್ಲಿ ಒಂದು. ಅದು ತಲೆಯಿಂದ ಎದೆಗೆ ಇಳಿದು ಬರಲು ಹತ್ತಿರ ಹತ್ತಿರ ತೊಂಬತ್ತು ವರ್ಷ ಹಿಡಿಯಿತು. ಹೆಂಗಸರ ಲೆಕ್ಕ ಬೇರೆಯಾಗಿ ನೋಡಲು ಇನ್ನೂ ಹೆಚ್ಚು.

ಮೂಲ ಹುಡುಕುತ್ತ ಹೋದರೆ ಒಂದು ಮರದ ತೊಗಟೆ ಸಿಗುತ್ತದೆ. 1763ರಲ್ಲಿ ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲೆಂಡಿನ ಪಾದ್ರಿ ವಿಲ್ಲೊ ಮರದ ತೊಗಟೆಯನ್ನು ರೊಟ್ಟಿ ಬೇಯಿಸುವವನ ಒಲೆಯ ಮಗ್ಗುಲಲ್ಲಿ ಮೂರು ತಿಂಗಳು ಒಣಗಿಸಿ, ಪುಡಿ ಮಾಡಿ, ಜ್ವರ ಬಂದ ಸುಮಾರು ಐವತ್ತು ಜನರಿಗೆ ಕೊಟ್ಟು, ಗುಣವಾದದ್ದನ್ನು ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಆ ತೊಗಟೆಯ ಸತ್ವದ ಸುಧಾರಿಸಿದ ರೂಪವನ್ನು 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ತಯಾರಿಸಿದ. 1899ರಲ್ಲಿ ಅದಕ್ಕೆ ಆಸ್ಪಿರಿನ್ ಎಂದು ಹೆಸರಾಯಿತು. ತನ್ನ ಸೂಚನೆಯಂತೆ ಹಾಫ್‌ಮನ್ ಮಾಡಿದ ಕೆಲಸವಿದು ಎಂದು ಅಲ್ಲಿಯ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಆರ್ಥರ್ ಐಖೆನ್‌ಗ್ರ್ಯೂನ್ 1949ರಲ್ಲಿ ಬರೆದರು. ಅವರು ಯಹೂದಿ, ಹಿಟ್ಲರನ ಕಾಲದಲ್ಲಿ ಸೆರೆಶಿಬಿರ ಕಂಡು ಬದುಕಿ ಬಂದವರು. ಹಾಗೆ ಬರೆದ ವರ್ಷವೇ ತೀರಿಕೊಂಡರು. ಖಣದ ಮೇಲೆ ಕಂಡಿಕೆ ಸುತ್ತಿದವಳ ಹೆಸರು ಎಲ್ಲಿರುತ್ತದೆ, ಹೇಳಿ?

ಎದೆಯ ಸಂಬಂಧವನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಸಾಮಾನ್ಯ ಡಾಕ್ಟರ್, ಲಾರೆನ್ಸ್ ಕ್ರೇವನ್. ಗಂಟಲಿನ ಗಂಟು ತೆಗೆಸಿಕೊಂಡವರು ನೋವಿಗೆಂದು ಆಸ್ಪಿರಿನ್ ಸೇರಿಸಿದ ಚೂಯಿಂಗ್ ಗಮ್ ಅಗಿಯುತ್ತಿದ್ದರು. ಹೆಚ್ಚು ಅಗಿದವರಿಗೆ ರಕ್ತ ನಿಲ್ಲುತ್ತಲೇ ಇರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ಈ ಮದ್ದು ತಡೆಯುವುದಾದರೆ ಹೃದಯದ ನಾಳದಲ್ಲಿ ಕಟ್ಟುವ ಹೆಪ್ಪನ್ನೂ ತಡೆಯಬೇಕಲ್ಲ ಎಂದು ಅವರು ಯೋಚಿಸಿದರು. 1950ರಿಂದ 1956ರವರೆಗೆ ಸಣ್ಣಪುಟ್ಟ ಪತ್ರಿಕೆಗಳಲ್ಲಿ ಬರೆದರು. ಕೊನೆಯ ಲೇಖನದ ಹೊತ್ತಿಗೆ ಅವರ ಲೆಕ್ಕದಲ್ಲಿ ಸುಮಾರು ಎಂಟು ಸಾವಿರ ಮಂದಿ ಇದ್ದರು. ಗುಳಿಗೆ ಕೊಡದ ಇನ್ನೊಂದು ಗುಂಪನ್ನು ಇಟ್ಟುಕೊಂಡು ಹೋಲಿಸಿ ನೋಡಿರಲಿಲ್ಲವಾದ್ದರಿಂದ ದೊಡ್ಡವರು ಯಾರೂ ಕಿವಿಗೊಡಲಿಲ್ಲ. 1957ರಲ್ಲಿ ಕ್ರೇವನ್ ಸ್ವತಃ ಹೃದಯಾಘಾತದಿಂದಲೇ ತೀರಿಕೊಂಡರು. ಅಲ್ಲಿಗೆ ಆ ಮಾತು ಹಲವು ವರ್ಷ ಮುಚ್ಚಿಹೋಯಿತು.

ಒಳಗಿನ ಗುಟ್ಟು ಹೀಗಿದೆ. ಮಗ್ಗದಲ್ಲಿ ಎಳೆ ಹರಿದರೆ ನೇಕಾರ ನಿಲ್ಲಿಸಿ ಗಂಟು ಹಾಕುತ್ತಾನಷ್ಟೆ. ರಕ್ತನಾಳ ಸೀಳಿದಲ್ಲಿ ಆ ಕೆಲಸವನ್ನು ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳು ಮಾಡುತ್ತವೆ; ಒಂದನ್ನೊಂದು ಕೂಗಿ ಕರೆದು, ಅಂಟಿಕೊಂಡು, ರಕ್ತ ನಿಲ್ಲಿಸುತ್ತವೆ. ಬೆರಳು ಕೊಯ್ದುಕೊಂಡಾಗ ಇದು ಉಪಕಾರ. ಆದರೆ ಹೃದಯದ ನಾಳದೊಳಗೆ ಕಟ್ಟಿದ ಕೊಬ್ಬಿನ ಪೊರೆ ಒಡೆದಾಗಲೂ ಅವು ಗಾಯವೆಂದೇ ತಿಳಿದು ಓಡಿಬರುತ್ತವೆ. ಗಂಟು ದೊಡ್ಡದಾಗಿ ನಾಳವೇ ಮುಚ್ಚುತ್ತದೆ. ಮುಂದಿನ ಸ್ನಾಯು ರಕ್ತವಿಲ್ಲದೆ ಸಾಯತೊಡಗುತ್ತದೆ. ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ತಯಾರಿಕೆಯನ್ನೇ ತಡೆಯುತ್ತದೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು. 1982ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಂತು. ಕಣಗಳು ಒಂದನ್ನೊಂದು ಕರೆಯುವ ಕೂಗೂ ಇದೇ ದಾರಿಯಲ್ಲಿ ಹುಟ್ಟುತ್ತದೆ. ಒಮ್ಮೆ ಆಸ್ಪಿರಿನ್ ತಾಗಿದ ಕಣ ತನ್ನ ಎಂಟು-ಹತ್ತು ದಿನದ ಆಯುಷ್ಯವಿಡೀ ಆ ಕೂಗು ಹಾಕಲಾರದು. ಆದರೆ ಹೊಸ ಕಣಗಳು ದಿನವೂ ಹುಟ್ಟುತ್ತಲೇ ಇರುತ್ತವೆ. ದಿನವೂ ಗುಳಿಗೆ ಏಕೆ ಎನ್ನುವವರಿಗೆ ಇಷ್ಟೇ ಉತ್ತರ.

ಇನ್ನು ಪ್ರಯೋಗಗಳ ಮಾತು. ಅಮೆರಿಕದಲ್ಲಿ ಹೃದಯದ ಕಾಯಿಲೆ ಇಲ್ಲದ 22,071 ವೈದ್ಯರು ವರ್ಷಗಟ್ಟಲೆ ದಿನ ಬಿಟ್ಟು ದಿನ ಆಸ್ಪಿರಿನ್ನನ್ನೋ ಹುಸಿ ಗುಳಿಗೆಯನ್ನೋ ನುಂಗಿದರು. 1989ರ ವರದಿಯಂತೆ ಆಸ್ಪಿರಿನ್ ಪಡೆದವರಲ್ಲಿ ಮೊದಲ ಹೃದಯಾಘಾತ ಶೇಕಡ 44ರಷ್ಟು ಕಡಿಮೆ. ಜಗತ್ತೆಲ್ಲ ಬೆರಗಾಯಿತು. ನನಗೆ ಬೆರಗೆನಿಸುವುದು ಬೇರೆ: ಆ 22,071 ಮಂದಿಯಲ್ಲಿ ಒಬ್ಬಳೂ ಹೆಣ್ಣಿಲ್ಲ. ಗಂಡಸರ ಎದೆಯ ಲೆಕ್ಕವನ್ನೇ ಮನುಷ್ಯರ ಲೆಕ್ಕವೆಂದು ಹಿಡಿದು ಎಷ್ಟೋ ವರ್ಷ ನಡೆಯಿತು. ಕೊನೆಗೆ 39,876 ಹೆಂಗಸರನ್ನು ಹತ್ತು ವರ್ಷ ನೋಡಿದ ಪ್ರಯೋಗದ ಫಲ 2005ರಲ್ಲಿ ಬಂದಾಗ ಉತ್ತರ ಬೇರೆಯೇ ಇತ್ತು. ಆರೋಗ್ಯವಂತ ಹೆಂಗಸರಲ್ಲಿ ಒಟ್ಟಾರೆ ಮೊದಲ ಹೃದಯಾಘಾತ ತಗ್ಗಿರಲಿಲ್ಲ. ಪಾರ್ಶ್ವವಾಯು ಶೇಕಡ 17 ತಗ್ಗಿತ್ತು. ಹೃದಯಕ್ಕೆ ಲಾಭ ಕಂಡದ್ದು 65 ದಾಟಿದವರಲ್ಲಿ. ಹೊಟ್ಟೆ ಕರುಳಿನ ರಕ್ತಸ್ರಾವವಂತೂ ಹೆಚ್ಚಿತ್ತು. ಆ ಮೇಲೆ 2018ರಲ್ಲಿ ಆರೋಗ್ಯವಂತ ಹಿರಿಯರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಆ ಲಾಭವೂ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಕಂಡಿತು. ಪಕ್ಕದ ಮನೆಯವರು ನುಂಗುತ್ತಾರೆಂದು ತಾನೂ ದಿನಾ ಒಂದು ನುಂಗುವ ಗೆಳತಿಯರಿಗೆ ನಾನು ಈ ಅಂಕಿಗಳನ್ನು ಹೇಳುತ್ತಿರುತ್ತೇನೆ.

ಆದರೆ ಹೃದಯಾಘಾತ ಆಗಿಯೇಬಿಟ್ಟಾಗಿನ ಕಥೆ ಇದಲ್ಲ. ಅಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲದೆ ಗುಳಿಗೆ ಕೆಲಸ ಮಾಡುತ್ತದೆ. 1988ರ ಐಸಿಸ್-2 ಪ್ರಯೋಗದಲ್ಲಿ 417 ಆಸ್ಪತ್ರೆಗಳ 17,187 ರೋಗಿಗಳಿದ್ದರು. ಏನೂ ಸಿಗದವರಲ್ಲಿ ಐದು ವಾರದೊಳಗೆ ನೂರಕ್ಕೆ ಸುಮಾರು 13 ಮಂದಿ ಸತ್ತರೆ, ಆಸ್ಪಿರಿನ್ನೂ ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಇಂಜೆಕ್ಷನ್ನೂ ಎರಡೂ ಸಿಕ್ಕವರಲ್ಲಿ ಸತ್ತವರು 8. ಯಾವ ಯಾವ ಬಗೆಯ ರೋಗಿಗೆ ಎಷ್ಟೆಷ್ಟು ಗುಣ, ಒಡೆದು ತೋರಿಸಿ ಎಂದು ಪತ್ರಿಕೆಯವರು ಒತ್ತಾಯಿಸಿದಾಗ ಆ ವಿಜ್ಞಾನಿಗಳು ಜನ್ಮರಾಶಿಯ ಪ್ರಕಾರವೂ ಒಡೆದು ತೋರಿಸಿದರಂತೆ! ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಆಗಿಬರುವುದಿಲ್ಲ ಎಂದು ಬಂತು. ಲೆಕ್ಕವನ್ನು ಚೂರು ಚೂರು ಮಾಡಿದರೆ ಎಂಥ ಹುಚ್ಚು ಉತ್ತರ ಬರುತ್ತದೆಂದು ತೋರಿಸಲು ಮಾಡಿದ ತಮಾಷೆ ಅದು. ನಮ್ಮೂರಲ್ಲಿ ಯಾರಾದರೂ ಅದನ್ನು ನಿಜವೆಂದೇ ಹಿಡಿದು ಪಂಚಾಂಗ ತೆಗೆದಾರು ಎಂದು ನನಗೆ ಅಂಜಿಕೆ.

ಮುಂದಿನ ಅಧ್ಯಾಯದಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡ್‌ಗೆ ಹೋಗಿ ಪಳಗಿ, ಕೆನಡಾದಲ್ಲಿ ನೆಲೆನಿಂತ ಕೇರಳ ಮೂಲದ ಡಾ. ಸಲೀಂ ಯೂಸುಫ್ 12,562 ರೋಗಿಗಳ ಪ್ರಯೋಗವನ್ನು ಮುನ್ನಡೆಸಿದರು. ಆಸ್ಪಿರಿನ್ ಜೊತೆ ಕ್ಲೊಪಿಡೋಗ್ರೆಲ್ ಕೊಟ್ಟರೆ ಮತ್ತೆ ಆಘಾತವಾಗುವುದು ಇನ್ನೂ ತಗ್ಗುತ್ತದೆಂದು 2001ರಲ್ಲಿ ಅದರಿಂದ ತಿಳಿಯಿತು. ಜೊತೆಗೆ ರಕ್ತಸ್ರಾವ ಕೊಂಚ ಹೆಚ್ಚುತ್ತದೆಂಬುದೂ. ಅದೇ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಕ್ಸೇವಿಯರ್ ಮತ್ತು ಸಂಗಡಿಗರು ದೇಶದ 89 ಆಸ್ಪತ್ರೆಗಳಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕೂಡಿಸಿ 2008ರಲ್ಲಿ ಪ್ರಕಟಿಸಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವರದಿ. ಆಸ್ಪತ್ರೆ ಮುಟ್ಟಿದ ಮೇಲೆ ಗುಳಿಗೆ ಬಹುಪಾಲು ಎಲ್ಲರಿಗೂ ಸಿಕ್ಕಿತ್ತು. ಆದರೆ ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಅರ್ಧದಷ್ಟು ಜನ 360 ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರು. ಆರು ತಾಸು! ಮೂವತ್ತು ದಿನದೊಳಗೆ ಸತ್ತವರು ಉಳ್ಳವರಲ್ಲಿ ನೂರಕ್ಕೆ 5.5, ಬಡವರಲ್ಲಿ 8.2.

ಈ ಆರು ತಾಸು ಹೇಗೆ ಕಳೆಯುತ್ತದೆಂಬುದು ನಮ್ಮ ವೈನಿಯಿಂದ ನನಗೆ ಗೊತ್ತು. ಮಾನವಮಿ ಹಬ್ಬದ ಮರುದಿನ ನಸುಕಿನಲ್ಲಿ ಅವರಿಗೆ ಬೆನ್ನು, ದವಡೆ ಹಿಡಿದುಕೊಂಡವು, ಮೈ ಬೆವರಿತು, ಹೊಟ್ಟೆ ತೊಳಸಿತು. "ಏನಿಲ್ಲ ಬಿಡ್ರಿ, ಪಿತ್ತ ಆಗೈತಿ" ಎಂದು ಸೋಡಾ ತರಿಸಿ ಕುಡಿದರು. ಅಷ್ಟಾದ ಮೇಲೆ ಬಂದ ಬೀಗರಿಗೆಲ್ಲ ರೊಟ್ಟಿ ಬಡಿದರು. ಮಧ್ಯಾಹ್ನ ಉಸಿರು ಸಿಕ್ಕಿಹಾಕಿಕೊಂಡಾಗ ಅಣ್ಣ ಗಾಡಿ ಮಾಡಿ ಬಾಗಲಕೋಟೆಗೆ ಒಯ್ದ. ಜೀವ ಉಳಿಯಿತು, ಸ್ಟೆಂಟ್ ಹಾಕಿದರು. ಆದರೆ ಹೃದಯದ ಒಂದು ಭಾಗ ಸೋತೇ ಹೋಯಿತು. ಈಗ ಎರಡು ಮೆಟ್ಟಿಲು ಹತ್ತಿದರೆ ಕೂಡಬೇಕು. ಹೆಂಗಸರಿಗೂ ಎದೆನೋವೇ ಮುಖ್ಯ ಲಕ್ಷಣ. ಆದರೆ ದವಡೆ, ಬೆನ್ನು, ಏದುಸಿರು, ವಾಂತಿ, ಸುಸ್ತು ಗಂಡಸರಿಗಿಂತ ಹೆಚ್ಚಾಗಿ ಜೊತೆಗೂಡುತ್ತವೆ. ಅಣ್ಣನಿಗೇ ಹಾಗಾಗಿದ್ದರೆ ವೈನಿ ಸೋಡಾ ತರಿಸುತ್ತಿರಲಿಲ್ಲ, ಓಣಿಯನ್ನೇ ಎಬ್ಬಿಸುತ್ತಿದ್ದರು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ಹೋದ ಮೇಲೆ ನಮ್ಮ ಶಾಲೆಯ ಮಕ್ಕಳಿಗೂ ಹಾರ್ಟ್ ಅಟ್ಯಾಕ್ ಎಂಬ ಮಾತು ಬಾಯಿಪಾಠವಾಯಿತು. ಅವರ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರಿಗೆ ತೋರಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ನನ್ನು ಬಿಟ್ಟಿಯಾಗಿ ಕೊಡುತ್ತಾರೆ. 1988ರ ಆ ಜೋಡಿ ಚಿಕಿತ್ಸೆಯೇ ಸುಧಾರಿಸಿದ ರೂಪದಲ್ಲಿ ತಾಲೂಕಿಗೆ ಬಂದಂತಾಯಿತು. ಆದರೆ 108ಕ್ಕೆ ಫೋನು ಮಾಡಬೇಕಾದವರು ಮನೆಯವರೇ. ಡಬ್ಬಿಯಲ್ಲಿರುವ ಆಸ್ಪಿರಿನ್ ಅಗಿಯಬೇಕೋ ಬೇಡವೋ ಎಂಬುದನ್ನೂ ಆಗಲೇ ಕೇಳಿಕೊಳ್ಳಬಹುದು. ಹೊಟ್ಟೆಹುಣ್ಣು, ರಕ್ತಸ್ರಾವ ಇದ್ದವರಿಗೆ, ಆ ಮದ್ದು ಮೈಗೆ ಒಗ್ಗದವರಿಗೆ ಅದು ಸಲ್ಲದು. ಕ್ರೋಸಿನ್ ಬೇರೆ ಮದ್ದು, ಇಲ್ಲಿ ಉಪಯೋಗಕ್ಕೆ ಬಾರದು.

ಸ್ಟೆಂಟ್ ಹಾಕಿಸಿಕೊಂಡ ವರ್ಷ ವೈನಿಗೆ ಎರಡೂ ಗುಳಿಗೆ ಇದ್ದವು. ಶ್ರಾವಣ ಸೋಮವಾರ ಉಪವಾಸವೆಂದು ಬಿಡಲು ಹೊರಟಿದ್ದರು. ಕಣಗಳಿಗೆ ಸೋಮವಾರ ರಜೆ ಇಲ್ಲ, ದಿನಾ ಹೊಸವು ಹುಟ್ಟುತ್ತವೆ ಎಂದು ನಾನು ಹೇಳಿದೆ. "ಹಂಗಾರ ಹಾಲಿನ ಜೋಡಿ ತಗೋತೀನಿ, ಹಾಲು ಉಪವಾಸಕ್ಕ ನಡಿತೈತಿ" ಎಂದರು. ಅದೇ ಚಳಿಗಾಲದಲ್ಲಿ ಹಲ್ಲು ಕೀಳಿಸುವ ಪ್ರಸಂಗ ಬಂತು. ವಾರದ ಮಟ್ಟಿಗೆ ಗುಳಿಗೆ ನಿಲ್ಲಿಸಿ ಬನ್ನಿ ಎಂದು ಯಾರೋ ಹೇಳಿದರಂತೆ. ವೈನಿ ನಿಲ್ಲಿಸಲಿಲ್ಲ, ಮೊದಲು ಹೃದಯದ ಡಾಕ್ಟರಿಗೆ ಫೋನು ಹಚ್ಚಿಸಿದರು. ನಿಲ್ಲಿಸುವುದು ಬೇಡ, ಒಸಡು ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ ಎಂದರಂತೆ ಅವರು. ಅರ್ಧ ತಾಸು ಹತ್ತಿ ಕಚ್ಚಿಕೊಂಡು ಕೂತರು, ನಿಂತಿತು.