ಚಹದ ಶ್ರೇಣಿಗಳು: ಹೆಸರು ಮತ್ತು ಗಾತ್ರ

ಆರ್ಥಿಕ ಇತಿಹಾಸವನ್ನು ಅಭ್ಯಸಿಸುವವರಿಗೆ ಹಳೆಯ ಬೆಲೆಪಟ್ಟಿಗಳು ಅಮೂಲ್ಯವಾದ ಆಧಾರಗಳು. ಆದರೆ ಸರಕಿನ ಹೆಸರು ಹಾಗೆಯೇ ಉಳಿದು ಅದರ ಅರ್ಥವು ಬದಲಾಗಿದ್ದರೆ, ಬೇರೆ ಬೇರೆ ಕಾಲದ ಬೆಲೆಗಳನ್ನು ಹೋಲಿಸುವುದು ದೋಷಯುಕ್ತವಾಗುವುದು. ಚಹದ ಶ್ರೇಣಿಗಳು ಇದಕ್ಕೆ ತಕ್ಕ ನಿದರ್ಶನವಾಗಿವೆ.

'ಪೀಕೊ' ಎಂಬುದು ಚೀನಾದ ಅಮಾಯ್ ಪ್ರಾಂತದ ಆಡುಮಾತಿನಿಂದ ಬಂದ ಪದ. 'ಬಿಳಿಯ ನವಿರು' ಎಂದು ಅದರ ಅರ್ಥ. ಬಿರಿಯದ ಕುಡಿಯ ಮೇಲಿನ ಬೆಳ್ಳನೆಯ ನವಿರೇ ಈ ಹೆಸರಿಗೆ ಕಾರಣ. 'ಸೂಚಾಂಗ್' ಎಂದರೆ 'ಸಣ್ಣ ತಳಿ'. ಆದರೂ ವ್ಯಾಪಾರದಲ್ಲಿ ಆ ಹೆಸರು ಕೆಳಗಿನ ದೊಡ್ಡ ಎಲೆಗೆ ನಿಂತಿತು. ಅಸ್ಸಾಮಿನಲ್ಲಿ ಚಹದ ತಯಾರಿಕೆಯನ್ನು ಮೊದಲು ಕಲಿಸಿದವರು ಚೀನೀ ಕುಶಲಕರ್ಮಿಗಳು. ಅವರ ವಿದ್ಯೆಯೊಡನೆ ಹೆಸರುಗಳೂ ಬಂದವು. 1839ರ ಜನವರಿ 10ರಂದು ಲಂಡನ್ನಿನಲ್ಲಿ ಹರಾಜಾದ ಅಸ್ಸಾಮಿನ ಎಂಟು ಪೆಟ್ಟಿಗೆಗಳು ಪೀಕೊ ಮತ್ತು ಸೂಚಾಂಗ್ ಎಂಬ ಹೆಸರುಗಳನ್ನೇ ಹೊತ್ತಿದ್ದವು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೈಯಿಂದ ಎಲೆ ಹೊಸೆಯುವ ಕೆಲಸವನ್ನು ಯಂತ್ರವು ವಹಿಸಿಕೊಂಡಿತು. ಯಂತ್ರದ ಒತ್ತಡಕ್ಕೆ ಎಲೆ ಹೆಚ್ಚಾಗಿ ಮುರಿಯುವುದರಿಂದ, ಒಣಗಿದ ಚಹವನ್ನು ಜರಡಿಗಳ ಮೂಲಕ ಬೇರ್ಪಡಿಸುವುದು ಪ್ರಧಾನವಾಯಿತು. ಇಡಿಯ ಎಲೆ, ಮುರುಕು, ಫ್ಯಾನಿಂಗ್ಸ್, ಡಸ್ಟ್ ಎಂಬ ವಿಭಾಗಗಳು ಹೀಗೆ ನೆಲೆಗೊಂಡವು. ಗಿಡದಲ್ಲಿ ಎಲೆಯ ಸ್ಥಾನವನ್ನು ಸೂಚಿಸುತ್ತಿದ್ದ ಪದವು ಜರಡಿಯ ಕಣ್ಣಿನ ಅಳತೆಯನ್ನು ಸೂಚಿಸತೊಡಗಿತು. 'ಆರೆಂಜ್ ಪೀಕೊ' ಎಂಬುದೂ ಎಲೆಯ ಶ್ರೇಣಿಯೇ ಹೊರತು ಅದಕ್ಕೂ ಕಿತ್ತಳೆಯ ಕಂಪಿಗೂ ಸಂಬಂಧವಿಲ್ಲ. 1930ರ ದಶಕದ ಆರಂಭದಲ್ಲಿ ವಿಲಿಯಂ ಮೆಕರ್ಚರ್ ಅಸ್ಸಾಮಿನಲ್ಲಿ ರೂಪಿಸಿದ ಸಿ.ಟಿ.ಸಿ. ಯಂತ್ರವು ಎಲೆಯನ್ನು ಜಜ್ಜಿ, ಹರಿದು, ಸುರುಳಿಗೊಳಿಸಿ ಹರಳುಗಳನ್ನಾಗಿ ಮಾಡಿತು. ಇಲ್ಲಿ ಇಡಿಯ ಎಲೆಯ ಪ್ರಶ್ನೆಯೇ ಉಳಿಯಲಿಲ್ಲ.

ಗಾತ್ರವೇ ಗುಣವಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಗುಣವು ತೋಟ, ಋತು, ಕೊಯ್ಲು ಮತ್ತು ತಯಾರಿಕೆಗಳನ್ನು ಅವಲಂಬಿಸಿದೆ. ಒಳ್ಳೆಯ ತೋಟದ ಡಸ್ಟು ಸಾಧಾರಣ ತೋಟದ ಇಡಿಯ ಎಲೆಗಿಂತ ಹೆಚ್ಚಿನ ಬೆಲೆಯನ್ನು ಪಡೆಯಬಹುದು. ಕಣವು ಸಣ್ಣದಾದಷ್ಟೂ ನೀರು ಸೋಕುವ ಮೈ ಹೆಚ್ಚುವುದರಿಂದ ಬಣ್ಣವೂ ಕಸುವೂ ಬೇಗನೆ ಇಳಿಯುತ್ತವೆ. ಹಾಲು ಬೆರೆಸಿದರೂ ರುಚಿ ಕುಂದದು. ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದಲ್ಲಿ ಡಸ್ಟು ಜನಪ್ರಿಯವಾಗಿರುವುದಕ್ಕೆ ಈ ಗುಣವೂ ಒಂದು ಕಾರಣ.

ಆದಕಾರಣ ಬೆಲೆಪಟ್ಟಿಯಲ್ಲಿ 'ಡಸ್ಟ್' ಎಂಬ ಪದವನ್ನು ಕಂಡೊಡನೆ ಅದನ್ನು ಕಸವೆಂದು ಬಗೆದು, ಜನಸಾಮಾನ್ಯರು ಉಳ್ಳವರು ಬಿಟ್ಟುದನ್ನು ಕುಡಿದರೆಂದು ತೀರ್ಮಾನಿಸುವುದು ಯುಕ್ತವಲ್ಲ. ಅಗ್ಗದ ಲೋಟದ ಹಿಂದೆಯೂ ರುಚಿಯನ್ನರಿತ ಆಯ್ಕೆಯಿರಬಹುದು. ಶ್ರೇಣಿಯ ಹೆಸರು ಯಾವ ಕಾಲದಲ್ಲಿ ಏನನ್ನು ಅಳೆಯುತ್ತಿದ್ದಿತೆಂದು ಮೊದಲು ನಿಶ್ಚಯಿಸಿಕೊಂಡು, ಅನಂತರ ಬೆಲೆಗಳನ್ನು ಓದುವುದೇ ಸರಿಯಾದ ಕ್ರಮ.