ಒಂದೇ ತರಂಗ, ಹಲವು ಮಾತು: ಸಿಡಿಎಂಎ ತಂತ್ರದ ಕಿರುಪರಿಚಯ

ನೆಲ, ಜಲ, ಅರಣ್ಯಗಳಂತೆ ರೇಡಿಯೋ ತರಂಗಗಳೂ ಸಾರ್ವಜನಿಕ ಸಂಪತ್ತು. ಬಂಗಾಳದ ಕ್ರಿಕೆಟ್ ಸಂಸ್ಥೆಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ಈ ತತ್ವವನ್ನು ಸ್ಪಷ್ಟಪಡಿಸಿತು. ಅದೇ ವರ್ಷದ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಸುಖರಾಂ ಅವರಿಗೆ ಮಾಡಿದ ಕರೆಯೊಂದಿಗೆ ದೇಶದಲ್ಲಿ ಮೊಬೈಲ್ ಯುಗ ಆರಂಭವಾಯಿತು. ಇಂದು ಭಾರತದ ಮೊಬೈಲ್ ಸಂಪರ್ಕಗಳ ಸಂಖ್ಯೆ ನೂರು ಕೋಟಿಯನ್ನು ಮೀರಿದೆ. ಜನ ಬೆಳೆದಂತೆ ಆಕಾಶವೇನೂ ಬೆಳೆಯುವುದಿಲ್ಲ. ಹಾಗಿದ್ದರೆ ಇಷ್ಟೊಂದು ಮಾತು ಅಷ್ಟೇ ತರಂಗಾಂತರದಲ್ಲಿ ಹಿಡಿಸುವುದು ಹೇಗೆ? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಅತ್ಯಂತ ಕುತೂಹಲಕರವಾದುದು 'ಸಿಡಿಎಂಎ', ಅಂದರೆ ಸಂಕೇತಗಳ ಮೂಲಕ ತರಂಗವನ್ನು ಹಂಚಿಕೊಳ್ಳುವ ವಿಧಾನ.

ಹಂಚಿಕೆಯ ಮೂರು ದಾರಿಗಳು

ಅಣ್ಣತಮ್ಮಂದಿರು ಹೊಲವನ್ನು ಪಟ್ಟಿ ಪಟ್ಟಿಯಾಗಿ ಪಾಲು ಮಾಡಿಕೊಳ್ಳುವಂತೆ ತರಂಗಾಂತರವನ್ನು ಸೀಳಿ ಪ್ರತಿ ಕರೆಗೂ ಒಂದು ಪಟ್ಟಿ ಕೊಡುವುದು ಮೊದಲನೆಯ ದಾರಿ. ಅಮೆರಿಕದ ಮೊದಲ ಪೀಳಿಗೆಯ ಮೊಬೈಲ್ ಜಾಲದಲ್ಲಿ ಒಂದೊಂದು ಪಟ್ಟಿಯ ಅಗಲ 30 ಕಿಲೋಹರ್ಟ್ಸ್. ಕಾಲುವೆಯ ನೀರನ್ನು ಸರದಿಯ ಮೇಲೆ ಹಾಯಿಸಿಕೊಳ್ಳುವಂತೆ ಸಮಯವನ್ನು ಹಂಚುವುದು ಎರಡನೆಯದು. ಜಿಎಸ್ಎಂ ಜಾಲದಲ್ಲಿ 200 ಕಿಲೋಹರ್ಟ್ಸ್ ಪಟ್ಟಿಯೊಂದನ್ನು ಎಂಟು ಸರದಿಗಳಾಗಿ ವಿಂಗಡಿಸುತ್ತಾರೆ. ಸರದಿಗಳು ಕ್ಷಣಾರ್ಧದಲ್ಲಿ ಉರುಳಿ ಹೋಗುವುದರಿಂದ ಮಾತು ತುಂಡಾದುದು ಕಿವಿಗೆ ತಿಳಿಯುವುದಿಲ್ಲ.

ಮೂರನೆಯ ದಾರಿಯಲ್ಲಿ ಪಟ್ಟಿಯೂ ಇಲ್ಲ, ಸರದಿಯೂ ಇಲ್ಲ. ಎಲ್ಲರೂ ಒಂದೇ ಅಗಲವಾದ ತರಂಗದಲ್ಲಿ, ಒಂದೇ ಹೊತ್ತಿನಲ್ಲಿ ಮಾತನಾಡುತ್ತಾರೆ. ಹೊರನಾಡಿನ ಕನ್ನಡಿಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ಮರಾಠಿ, ಗುಜರಾತಿ, ಹಿಂದಿ, ತಮಿಳು ಎಲ್ಲವೂ ಒಟ್ಟಿಗೆ ಕೇಳುತ್ತಿರುತ್ತವೆ. ಆ ಗದ್ದಲದ ನಡುವೆ ದೂರದ ಮೂಲೆಯಲ್ಲಿ ಯಾರೋ ಕನ್ನಡದಲ್ಲಿ ಎರಡು ಮಾತನಾಡಿದರೂ ನಮ್ಮ ಕಿವಿ ನೆಟ್ಟಗಾಗುತ್ತದೆ. ಉಳಿದ ಮಾತೆಲ್ಲ ಹಿನ್ನೆಲೆಯ ಸದ್ದಾಗಿ ಉಳಿಯುತ್ತದೆ. ಸಿಡಿಎಂಎಯಲ್ಲಿ ಪ್ರತಿ ಕರೆಗೂ ಇಂತಹ ಒಂದು 'ಭಾಷೆ'ಯನ್ನು, ಅಂದರೆ ಗಣಿತದ ಸಂಕೇತವನ್ನು ಕೊಡಲಾಗುತ್ತದೆ.

ಲೆಕ್ಕದ ಒಳಗುಟ್ಟು

ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದು ಜಮಾ-ಖರ್ಚಿನ ಲೆಕ್ಕದಂತೆಯೇ ಕಾಣುತ್ತದೆ. ಇಬ್ಬರು ಗ್ರಾಹಕರಿದ್ದಾರೆಂದು ಭಾವಿಸೋಣ. ಮೊದಲನೆಯವರ ಸಂಕೇತ (+1, +1), ಎರಡನೆಯವರದು (+1, -1). ಮೊದಲನೆಯವರು ಕಳುಹಿಸಬೇಕಾದುದು +1. ಅದನ್ನು ತಮ್ಮ ಸಂಕೇತದಿಂದ ಗುಣಿಸಿ (+1, +1) ಎಂದು ಕಳುಹಿಸುತ್ತಾರೆ. ಎರಡನೆಯವರು ಕಳುಹಿಸಬೇಕಾದುದು -1. ಅದು (-1, +1) ಆಗುತ್ತದೆ. ಗಾಳಿಯಲ್ಲಿ ಇವೆರಡೂ ಕೂಡಿ (0, +2) ಆಗುತ್ತವೆ. ಈ ಮಿಶ್ರಣವನ್ನು ಮೊದಲನೆಯ ಸಂಕೇತದಿಂದ ಗುಣಿಸಿ ಕೂಡಿದರೆ +2 ಬರುತ್ತದೆ. ಎರಡರಿಂದ ಭಾಗಿಸಿದರೆ +1. ಎರಡನೆಯ ಸಂಕೇತದಿಂದ ಗುಣಿಸಿ ಕೂಡಿದರೆ -2, ಭಾಗಿಸಿದರೆ -1. ಕೂಡಿಹೋದ ಮೊತ್ತದಿಂದ ಅವರವರ ಬಾಬ್ತು ಅವರವರಿಗೆ ಮರಳಿತು!

ಅಮೆರಿಕದ ಗಣಿತಜ್ಞ ಜೋಸೆಫ್ ವಾಲ್ಷ್ 1923ರಲ್ಲಿ ವಿವರಿಸಿದ ಶ್ರೇಣಿಗಳು ಈ ಕೆಲಸಕ್ಕೆ ಒದಗಿಬಂದವು. ಮೊದಲ ಸಿಡಿಎಂಎ ಜಾಲಗಳಲ್ಲಿ ಗೋಪುರದಿಂದ ಫೋನಿಗೆ ಬರುವ ದಾರಿಯಲ್ಲಿ ಇಂತಹ 64 ಸಂಕೇತಗಳಿದ್ದವು. ಫೋನಿನಿಂದ ಗೋಪುರಕ್ಕೆ ಹೋಗುವ ದಾರಿಯಲ್ಲಿ ಬಳಸುತ್ತಿದ್ದ ದೀರ್ಘ ಸಂಕೇತವು ಮೊದಲಿನಿಂದ ಮರುಕಳಿಸಲು ಸುಮಾರು 41 ದಿನಗಳು ಬೇಕಾಗುತ್ತಿದ್ದವು. ಸೆಕೆಂಡಿಗೆ 9,600 ಬಿಟ್‌ಗಳ ಧ್ವನಿಯನ್ನು 12,28,800 ಚೂರುಗಳ ಸಂಕೇತದ ಮೇಲೆ ಹರಡಿ, 1.25 ಮೆಗಾಹರ್ಟ್ಸ್ ಅಗಲದ ತರಂಗದಲ್ಲಿ ಕಳುಹಿಸಲಾಗುತ್ತಿತ್ತು. ಈ 128 ಪಟ್ಟು ಹರಡುವಿಕೆಯೇ ಗದ್ದಲದ ನಡುವೆಯೂ ಮಾತನ್ನು ಎತ್ತಿ ಹಿಡಿಯುವ ಬಲ.

ಹಿನ್ನೆಲೆ

ಸಂಕೇತವನ್ನು ಹರಡಿ ಕಳುಹಿಸುವ ವಿದ್ಯೆ ಹುಟ್ಟಿದ್ದು ಸೈನ್ಯದ ಅಗತ್ಯದಿಂದ. ಶತ್ರುವಿಗೆ ಕೇಳಿಸಬಾರದು, ಅವನು ಅಡ್ಡಿ ಮಾಡಲೂ ಬಾರದು ಎಂಬುದು ಅಲ್ಲಿನ ಉದ್ದೇಶ. ಇದರ ಹತ್ತಿರದ ಬಂಧುವಾದ 'ಆವರ್ತನ ಜಿಗಿತ' ವಿಧಾನಕ್ಕೆ ಚಿತ್ರನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ಪೇಟೆಂಟ್ ಪಡೆದಿದ್ದರು. ಇದನ್ನು ಜನಸಾಮಾನ್ಯರ ಫೋನಿಗೆ ತಂದ ಶ್ರೇಯಸ್ಸು ಮುಖ್ಯವಾಗಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1985ರಲ್ಲಿ ಸ್ಥಾಪನೆಯಾದ ಕ್ವಾಲ್‌ಕಾಂ ಸಂಸ್ಥೆಗೆ ಸಲ್ಲುತ್ತದೆ. ಇರ್ವಿನ್ ಜೇಕಬ್ಸ್ ಮತ್ತು ಆಂಡ್ರ್ಯೂ ವಿಟರ್ಬಿ ಅದರ ಸ್ಥಾಪಕರಲ್ಲಿ ಪ್ರಮುಖರು. 1989ರಲ್ಲಿ ಅದೇ ನಗರದಲ್ಲಿ ಪ್ರಾತ್ಯಕ್ಷಿಕೆ ನಡೆಯಿತು; 1993ರಲ್ಲಿ 'ಐಎಸ್-95' ಎಂಬ ಮಾನದಂಡ ರೂಪುಗೊಂಡಿತು; 1995ರಲ್ಲಿ ಹಾಂಗ್‌ಕಾಂಗ್‌ನಲ್ಲಿ ವಾಣಿಜ್ಯ ಸೇವೆ ಆರಂಭವಾಯಿತು.

ಸಾಮರ್ಥ್ಯ ಹೆಚ್ಚಿದ್ದು ಹೇಗೆ?

ಮೊದಲ ಕಾರಣ ತರಂಗದ ಮರುಬಳಕೆ. ಹಳೆಯ ಜಾಲದಲ್ಲಿ ನೆರೆಹೊರೆಯ ಗೋಪುರಗಳು ಒಂದೇ ಪಟ್ಟಿಯನ್ನು ಬಳಸುವಂತಿರಲಿಲ್ಲ. ಸಾಮಾನ್ಯವಾಗಿ ಏಳು ಕೋಶಗಳ ಗುಂಪಿಗೆ ತರಂಗಾಂತರವನ್ನು ಹಂಚಬೇಕಿತ್ತು. 1.25 ಮೆಗಾಹರ್ಟ್ಸ್‌ನಲ್ಲಿ 30 ಕಿಲೋಹರ್ಟ್ಸ್‌ನ ಸುಮಾರು 41 ಪಟ್ಟಿಗಳು. ಏಳು ಪಾಲು ಮಾಡಿದರೆ ಕೋಶವೊಂದಕ್ಕೆ ಹೆಚ್ಚುಕಡಿಮೆ ಆರೇ ಕರೆಗಳು. ಸಿಡಿಎಂಎಯಲ್ಲಿ ಪ್ರತಿ ಕೋಶವೂ ಇಡೀ ತರಂಗವನ್ನು ಬಳಸಬಲ್ಲದು. ಎರಡನೆಯ ಕಾರಣ ಮೌನ. ಸಂಭಾಷಣೆಯಲ್ಲಿ ಒಬ್ಬೊಬ್ಬರೂ ಅರ್ಧಕ್ಕಿಂತ ಹೆಚ್ಚು ಹೊತ್ತು ಸುಮ್ಮನಿರುತ್ತಾರೆ. ಆಗ ಫೋನು ತನ್ನ ಪ್ರಸಾರವನ್ನು ತಗ್ಗಿಸುತ್ತದೆ, ಆ ಲಾಭ ತಾನಾಗಿ ಇತರರಿಗೆ ಸಲ್ಲುತ್ತದೆ. ಮೂರನೆಯದು, ಗೋಪುರದ ಆಂಟೆನಾಗಳನ್ನು ಮೂರು ದಿಕ್ಕಿಗೆ ತಿರುಗಿಸಿದರೆ ಒಂದು ದಿಕ್ಕಿನ ಗದ್ದಲ ಇನ್ನೊಂದನ್ನು ಅಷ್ಟಾಗಿ ಕಾಡುವುದಿಲ್ಲ. ಹಳೆಯದಕ್ಕಿಂತ ಹತ್ತು ಇಪ್ಪತ್ತು ಪಟ್ಟು ಸಾಮರ್ಥ್ಯ ಎಂದು ಪ್ರತಿಪಾದಕರು ಆರಂಭದಲ್ಲಿ ಹೇಳಿದ್ದರು. ಬಳಕೆಯಲ್ಲಿ ದೊರೆತದ್ದು ಅಷ್ಟಲ್ಲವಾದರೂ ಲಾಭ ಗಣನೀಯವೇ ಆಗಿತ್ತು.

ಸಂಯಮದ ಷರತ್ತು

ಆದರೆ ಈ ಹಂಚಿಕೆಗೆ ಒಂದು ಕಠಿಣ ಷರತ್ತಿದೆ: ಯಾರೂ ಅಗತ್ಯಕ್ಕಿಂತ ಗಟ್ಟಿಯಾಗಿ ಮಾತನಾಡಬಾರದು. ಗೋಪುರದ ಬುಡದಲ್ಲಿರುವವನು ಅರಚಿದರೆ ಮೈಲಿಯಾಚೆಯವನ ದನಿ ಮುಳುಗಿಹೋಗುತ್ತದೆ. ಆದ್ದರಿಂದ ಗೋಪುರವು ಪ್ರತಿ ಫೋನಿಗೂ 'ಸ್ವಲ್ಪ ಏರಿಸು, ಸ್ವಲ್ಪ ಇಳಿಸು' ಎಂದು ಸೆಕೆಂಡಿಗೆ 800 ಬಾರಿ ಆಜ್ಞೆ ನೀಡುತ್ತಿತ್ತು. ಮುಂದೆ ಬಂದ 3ಜಿ ಜಾಲದಲ್ಲಿ ಇದು 1,500 ಬಾರಿಗೆ ಏರಿತು. ಇಲ್ಲಿ 'ಆಸನಗಳು ಭರ್ತಿಯಾಗಿವೆ' ಎಂಬ ಖಚಿತ ಗೆರೆಯೂ ಇಲ್ಲ. ಹೊಸಬರು ಸೇರಿದಂತೆ ಎಲ್ಲರ ಗುಣಮಟ್ಟವೂ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಕೋಶದ ವ್ಯಾಪ್ತಿ ಕುಗ್ಗುತ್ತದೆ. ಜನ ಕಡಿಮೆಯಾದಾಗ ಮತ್ತೆ ಹಿಗ್ಗುತ್ತದೆ. ತಂತ್ರಜ್ಞರು ಇದನ್ನು ಕೋಶದ ಉಸಿರಾಟವೆಂದೇ ಕರೆಯುತ್ತಾರೆ. ತುಂಬಿದ ಮನೆಗೆ ಮತ್ತಿಬ್ಬರು ನೆಂಟರು ಬಂದಾಗ ಎಲ್ಲರೂ ಒತ್ತರಿಸಿ ಕೂರುವ ರೀತಿ ಇದು. ಒತ್ತರಿಸುವುದಕ್ಕೂ ಮಿತಿಯುಂಟು, ಅದನ್ನು ಮೀರಿದರೆ ಕೋಶದ ಅಂಚಿನಲ್ಲಿರುವವರ ಕರೆ ಮೊದಲು ಕಡಿದುಹೋಗುತ್ತದೆ.

ಭಾರತದಲ್ಲಿ

ನಮ್ಮ ದೇಶದಲ್ಲಿ ಸಿಡಿಎಂಎ ಮನೆಮಾತಾದದ್ದು 2002ರ ಡಿಸೆಂಬರ್‌ನಲ್ಲಿ ರಿಲಯನ್ಸ್ ಇನ್ಫೋಕಾಂ ತನ್ನ ಸೇವೆಗೆ ಚಾಲನೆ ಕೊಟ್ಟ ಮೇಲೆ. 2003ರ ಮಳೆಗಾಲದಲ್ಲಿ 501 ರೂಪಾಯಿಯ ಆರಂಭಿಕ ಪಾವತಿಗೆ ಅದು ಫೋನು ಕೊಟ್ಟಾಗ ಅನೇಕ ಸಾಮಾನ್ಯ ಕುಟುಂಬಗಳ ಕೈಗೆ ಮೊದಲ ಬಾರಿ ಮೊಬೈಲ್ ಬಂದಿತು. ಟಾಟಾ ಇಂಡಿಕಾಂ ಕೂಡ ಇದೇ ತಂತ್ರವನ್ನು ಬಳಸಿತು. ಆದರೆ ಆ ದಿನಗಳ ಬಹುಪಾಲು ಫೋನುಗಳಲ್ಲಿ ಸಿಮ್ ಇರಲಿಲ್ಲ. ಸಂಸ್ಥೆ ಬದಲಾಯಿಸಬೇಕಾದರೆ ಫೋನನ್ನೇ ಬಿಡಬೇಕಿತ್ತು. ಜಿಎಸ್ಎಂ ಫೋನುಗಳ ವೈವಿಧ್ಯ ಮತ್ತು ಅಗ್ಗದ ಬೆಲೆಯ ಮುಂದೆ ಈ ವ್ಯವಸ್ಥೆ ನಿಲ್ಲಲಿಲ್ಲ. 2017ರ ಅಂತ್ಯದ ವೇಳೆಗೆ ಇಲ್ಲಿ ಐಎಸ್-95 ವಂಶದ ಸೇವೆ ಬಹುಮಟ್ಟಿಗೆ ಮುಗಿದಿತ್ತು, ಹಿರಿಯರು ಜೋಪಾನ ಮಾಡಿದ್ದ ಫೋನುಗಳು ಕಪಾಟು ಸೇರಿದವು. ತಂತ್ರವೆಷ್ಟೇ ಉತ್ತಮವಾಗಿರಲಿ, ಬಳಸುವವನಿಗೆ ಆಯ್ಕೆಯ ಸ್ವಾತಂತ್ರ್ಯವಿಲ್ಲದಿದ್ದರೆ ಅದು ಬಾಳುವುದು ಕಷ್ಟ.

ಆದರೂ ತತ್ವ ಅಳಿಯಲಿಲ್ಲ. ಜಿಎಸ್ಎಂ ವಂಶದ 3ಜಿ ಜಾಲವೂ 5 ಮೆಗಾಹರ್ಟ್ಸ್ ಅಗಲದಲ್ಲಿ ಇದೇ ಸಂಕೇತ ವಿಧಾನವನ್ನು ಅಳವಡಿಸಿಕೊಂಡಿತು. 4ಜಿ ಮತ್ತು 5ಜಿಗಳು ತರಂಗವನ್ನು ಅತಿ ಸಣ್ಣ ಎಳೆಗಳಾಗಿ ಬಿಡಿಸಿ ಹಂಚುವ ಬೇರೆ ಮಾರ್ಗ ಹಿಡಿದಿವೆ. ಆದರೆ ಅವುಗಳಲ್ಲೂ ನೆರೆಯ ಕೋಶಗಳು ಒಂದೇ ತರಂಗವನ್ನು ಬಳಸುತ್ತವೆ. ಇನ್ನು ದಾರಿ ತೋರುವ ಜಿಪಿಎಸ್ ಉಪಗ್ರಹಗಳು 1575.42 ಮೆಗಾಹರ್ಟ್ಸ್ ಎಂಬ ಒಂದೇ ತರಂಗದಲ್ಲಿ ಒಟ್ಟಿಗೆ ನುಡಿಯುತ್ತವೆ. ಪ್ರತಿ ಉಪಗ್ರಹಕ್ಕೂ ತನ್ನದೇ 1,023 ಚೂರುಗಳ ಸಂಕೇತವಿದೆ. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದ ಸಂಚಾರ ಕೇಂದ್ರವನ್ನು ಹೊಂದಿರುವ ನಮ್ಮದೇ ನಾವಿಕ್ ವ್ಯವಸ್ಥೆಯೂ ಇದೇ ಕ್ರಮವನ್ನು ಅನುಸರಿಸುತ್ತದೆ. ಆದ್ದರಿಂದ ಕೈಯಲ್ಲಿನ ಫೋನು ಅಪರಿಚಿತ ಬೀದಿಯಲ್ಲಿ ನಮ್ಮ ಸ್ಥಳವನ್ನು ಗುರುತಿಸುವಾಗಲೆಲ್ಲ, ಹಲವು ಉಪಗ್ರಹಗಳು ಒಟ್ಟಿಗೆ ಆಡುವ ಮಾತನ್ನು ಸಂಕೇತ ಹಿಡಿದು ಬೇರ್ಪಡಿಸುವ ಆ ಹಳೆಯ ಲೆಕ್ಕ ಅದರೊಳಗೆ ನಡೆಯುತ್ತಿರುತ್ತದೆ.